ಹದಿನೆಂಟು ವರ್ಷಗಳ ಅನುಭವ, ಒಂದು ಉತ್ತರ

ಓದುಗರ ಸಮಸ್ಯೆ: ಮೂವತ್ತು ಮಂದಿ ದುಡಿಯುವ ಸಂಸ್ಥೆಯೊಂದನ್ನು ನಡೆಸುವ ಓದುಗರೊಬ್ಬರು ಮ್ಯಾನೇಜರ್ ಹುದ್ದೆಗೆ ಬಂದ ಇಬ್ಬರಲ್ಲಿ ಯಾರನ್ನು ಆರಿಸಲಿ ಎಂದು ಕೇಳಿದ್ದರು. ಮೊದಲನೆಯವರಿಗೆ 18 ವರ್ಷಗಳ ಅನುಭವವಿದೆ. ಆದರೆ ಹಿಂದೊಮ್ಮೆ ತಮ್ಮ ತಪ್ಪನ್ನು ಕಿರಿಯ ಉದ್ಯೋಗಿಯೊಬ್ಬನ ತಲೆಗೆ ಕಟ್ಟಿ ಪಾರಾದದ್ದನ್ನು ಅವರು ಸಂದರ್ಶನದಲ್ಲಿ ಜಾಣತನವೆಂಬಂತೆ ಹೇಳಿಕೊಂಡರಂತೆ. ಎರಡನೆಯವರು ನೇರ ನಡೆಯವರು, ಆದರೆ ಅವರ ಅನುಭವ 5 ವರ್ಷಗಳದ್ದು ಮಾತ್ರ.

ಸ್ಪಂದನ 1

ನಿಮ್ಮ ಪತ್ರದಲ್ಲಿ 18 ಎಂಬ ಅಂಕಿ ಮೂರು ಬಾರಿ ಬಂದಿದೆ; ಅಷ್ಟು ವರ್ಷಗಳಲ್ಲಿ ಅವರು ಮಾಡಿದ್ದೇನು ಎಂಬುದು ಒಂದು ಬಾರಿಯೂ ಬಂದಿಲ್ಲ. 2019ರಲ್ಲಿ ಸಂಶೋಧಕ ಚಾಡ್ ವ್ಯಾನ್ ಇಡೆಕಿಂಗ್ ಮತ್ತು ಸಂಗಡಿಗರು 81 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೇರುವ ಮೊದಲಿನ ಅನುಭವಕ್ಕೂ ಹೊಸ ಸಂಸ್ಥೆಯಲ್ಲಿ ಮಾಡುವ ಕೆಲಸದ ಗುಣಮಟ್ಟಕ್ಕೂ ಇದ್ದ ಸಹಸಂಬಂಧ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ಣ ನಂಟು) ಕೇವಲ 0.06 ಎಂದು ಕಂಡುಬಂದಿತು. ಅವುಗಳಲ್ಲಿ ಬಹಳಷ್ಟು ಅಧ್ಯಯನಗಳು ಮೇಲ್ಹಂತದ ಹುದ್ದೆಗಳವಲ್ಲ, ಆದ್ದರಿಂದ ಅನುಭವವೇ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ವರ್ಷಗಳ ಎಣಿಕೆಯನ್ನೇ ಅಳತೆಗೋಲಾಗಿಸಬೇಡಿ ಎನ್ನುತ್ತಿದ್ದೇನೆ. ಮುಖ್ಯ ಕೆಲಸಗಾರರೊಬ್ಬರು ದಿಢೀರನೆ ಬಿಟ್ಟುಹೋಗುವುದು, ಇಬ್ಬರು ಹಿರಿಯರು ಮಾತು ಬಿಡುವುದು, ಮಾಲೀಕರಾದ ನಿಮಗೇ 'ಇದು ಆಗದು' ಎನ್ನಬೇಕಾಗಿ ಬರುವುದು, ಇಂತಹ ಇಕ್ಕಟ್ಟುಗಳಲ್ಲಿ ಈ ಹುದ್ದೆಗೆ ಬರಬಹುದಾದ ನಾಲ್ಕನ್ನು ಬರೆದುಕೊಂಡು, ಇಬ್ಬರಲ್ಲಿ ಯಾರು ಯಾವುದನ್ನು ನಿಜವಾಗಿ ನಿಭಾಯಿಸಿದ್ದಾರೆಂದು ಕೇಳಿ.

ಮೌಲ್ಯಗಳನ್ನೂ ಹೀಗೆಯೇ ತಿಳಿಯಬೇಕು. 'ನೀವು ಪ್ರಾಮಾಣಿಕರೇ' ಎಂದರೆ ಅಲ್ಲವೆನ್ನುವವರು ಯಾರೂ ಇಲ್ಲ. ನಿಜ ಹೇಳಿದ್ದರಿಂದ ತಮಗೇ ನಷ್ಟವಾದ ಒಂದು ಸಂದರ್ಭವನ್ನು ವಿವರಿಸಲು ಹೇಳಿ, ಆಮೇಲೆ ಯಾರು ಏನೆಂದರು, ಮುಂದೇನಾಯಿತು ಎಂದು ಕೆದಕಿ. ಕಟ್ಟಿದ ಕತೆ ಎರಡನೆಯ ಪ್ರಶ್ನೆಗೇ ತಡವರಿಸುತ್ತದೆ, ಹಾಗೆಂದು ನನ್ನ ಅನುಭವ. ಪ್ರಶ್ನೆಗಳು ಇಬ್ಬರಿಗೂ ಒಂದೇ ಆಗಿರಲಿ, ಅಂಕ ಕೊಡುವ ಮಾನದಂಡವೂ ಒಂದೇ ಆಗಿರಲಿ. ನೇಮಕಾತಿ ವಿಧಾನಗಳ ಸಂಶೋಧನೆಗಳನ್ನು 2022ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಮರುಪರಿಶೀಲಿಸಿದಾಗ ಮೊದಲ ಸ್ಥಾನ ಪಡೆದದ್ದು ಇಂತಹ ಸಂದರ್ಶನವೇ.

– ನಿವೃತ್ತ ಸಿಬ್ಬಂದಿ ಅಧಿಕಾರಿ

ಸ್ಪಂದನ 2

ಒಳ್ಳೆಯವರೆಂಬ ಒಂದೇ ಕಾರಣಕ್ಕೆ ಮ್ಯಾನೇಜರ್ ಆದವರೊಬ್ಬರ ಕೆಳಗೆ ನಾನು ಎರಡು ವರ್ಷ ದುಡಿದಿದ್ದೇನೆ. ಯಾರನ್ನೂ ನೋಯಿಸಬಾರದೆಂದು ಅವರು ಯಾವ ನಿರ್ಧಾರವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಸೋಮಾರಿಗಳ ಪಾಲಿನ ಕೆಲಸವೆಲ್ಲ ಕೊನೆಗೆ ನಮ್ಮ ಮೇಲೆಯೇ ಬೀಳುತ್ತಿತ್ತು. ಆದ್ದರಿಂದ ಎರಡನೆಯವರನ್ನು ಆರಿಸುವುದಾದರೆ ಮೊದಲ ಆರು ತಿಂಗಳು ಪ್ರತಿ ವಾರ ಅವರೊಂದಿಗೆ ಕುಳಿತು ಮಾತನಾಡುವಷ್ಟು ಬಿಡುವು ನಿಮಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಇಲ್ಲವಾದರೆ ಮೂರನೆಯ ಅಭ್ಯರ್ಥಿಯನ್ನು ಹುಡುಕುವುದೇ ಲೇಸು.

– ಮೇಲ್ವಿಚಾರಕಿ

ಸ್ಪಂದನ 3

'ಮೌಲ್ಯ' ಎಂಬ ಮಾತಿನ ಮರೆಯಲ್ಲಿ ನಾವು ಬಹಳ ಸಲ ನಮ್ಮಂಥವರನ್ನೇ ಹುಡುಕುತ್ತಿರುತ್ತೇವೆ. ಹೆಸರಾಂತ ವಕೀಲಿ, ಬ್ಯಾಂಕಿಂಗ್ ಮತ್ತು ಸಲಹಾ ಸಂಸ್ಥೆಗಳ ನೇಮಕಾತಿಯನ್ನು ಅಭ್ಯಸಿಸಿ ಸಮಾಜಶಾಸ್ತ್ರಜ್ಞೆ ಲಾರೆನ್ ರಿವೇರಾ 2012ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆಯ್ಕೆ ಮಾಡುವವರು ಅಭ್ಯರ್ಥಿಯ ಹವ್ಯಾಸ, ಮಾತಿನ ಧಾಟಿಗಳು ತಮ್ಮದನ್ನು ಹೋಲುತ್ತವೆಯೇ ಎಂಬುದಕ್ಕೂ ಸಾಕಷ್ಟು ತೂಕ ಕೊಡುತ್ತಿದ್ದುದು ಕಾಣುತ್ತದೆ. ಈ ಹುದ್ದೆಗೆ ಬೇಕಾದ ಎರಡು ಮೂರು ಗುಣಗಳನ್ನು ಮೊದಲೇ ನಿಶ್ಚಯಿಸಿಕೊಂಡು, ನಂಬಿಕೆ, ಮನೆತನ, ಅಭಿರುಚಿಗಳ ಗೊಡವೆಗೆ ಹೋಗದಿರಿ. ವಿಚಾರಿಸುವಾಗ ಅವರ ಮೇಲಧಿಕಾರಿಗಳನ್ನಷ್ಟೇ ಅಲ್ಲ, ಅವರ ಕೈಕೆಳಗೆ ದುಡಿದವರನ್ನೂ ಮಾತನಾಡಿಸಿ.

ಮೊದಲನೆಯ ಅಭ್ಯರ್ಥಿಯನ್ನು ಕೈಬಿಡುವ ಮುನ್ನ ಇನ್ನೊಮ್ಮೆ ಕರೆದು, ಆ ಕಿರಿಯ ಉದ್ಯೋಗಿಗೆ ಆಮೇಲೆ ಏನಾಯಿತು ಎಂದು ಕೇಳಿ. ಅವನ ಗತಿ ಇವರಿಗೆ ಗೊತ್ತೇ ಇಲ್ಲವಾದರೆ ನಾನಂತೂ ಈ ಹುದ್ದೆಗೆ ಅವರನ್ನು ತೆಗೆದುಕೊಳ್ಳಲಾರೆ.

– ಸಣ್ಣ ಉದ್ಯಮಿ