ಕರ್ಫ್, ಲೀಡ್-ಇನ್, ನೆಸ್ಟಿಂಗ್: ಶೆಡ್ಡಿನ ಹುಡುಗರಿಗೆ ಕನ್ನಡದಲ್ಲಿ ಹೇಗೆ ಹೇಳೋಣ?

ಎಲ್ಲರಿಗೂ ನಮಸ್ಕಾರ.

ಪುಣೆಯ ಭೋಸರಿಯಲ್ಲಿ ನಮ್ಮ ಭಾವನವರ ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ಲು, ಬ್ರ್ಯಾಕೆಟ್ಟು, ಮನೆ ಹೆಸರಿನ ಬೋರ್ಡು, ಇಂಥ ಕೆಲಸ. ಈಗ ಸಿಎನ್‌ಸಿ ಪ್ಲಾಸ್ಮಾ ಟೇಬಲ್ ಹಾಕಿಸಿದ್ದಾರೆ, ಅಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಟಾರ್ಚ್ ಓಡಿಸಿ, ಅದರ ಬಿಸಿ ಪ್ಲಾಸ್ಮಾದಿಂದ ಲೋಹದ ಪ್ಲೇಟು ಕತ್ತರಿಸುವ ಮಷೀನು. ಯಾವ ಸಾಫ್ಟ್‌ವೇರ್ ತಗೊಳ್ಳೋದು ಅನ್ನುವ ಚರ್ಚೆ ಇನ್ನೂ ನಡೆದಿದೆ. ಕೆಲಸದ ಹುಡುಗರು ವಿಜಯಪುರ, ಕಲಬುರಗಿ ಕಡೆಯವರು. ಅವರಿಗೆ ತಿಳಿಯುವ ಹಾಗೆ ಗೋಡೆಗೆ ಅಂಟಿಸೋಕೆ ಒಂದು ಪುಟ ಕನ್ನಡದಲ್ಲಿ ಬರೆದುಕೊಡಿ ಅಂತ ಭಾವ ಕೇಳಿದ್ದಾರೆ. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಬಲ್ಲವರು ಕೈ ಹಿಡಿಯಬೇಕು.

ಮೊದಲ ತೊಡಕು 'ಡಿಸೈನ್ ಸಾಫ್ಟ್‌ವೇರ್' ಅನ್ನೋ ಮಾತೇ. ಶೆಡ್ಡಿನಲ್ಲಿ ಎಲ್ಲದಕ್ಕೂ ಅದೊಂದೇ ಹೆಸರು. ಆದರೆ ಇಲ್ಲಿರುವುದು ಮೂರು ಬೇರೆ ಕೆಲಸ: ಚಿತ್ರ ಬರೆಯುವುದು, ಟಾರ್ಚ್ ಹೋಗಬೇಕಾದ ದಾರಿ ಹಾಕುವುದು, ಆ ದಾರಿಯಲ್ಲಿ ಮಷೀನನ್ನು ನಡೆಸುವುದು. ಇಂಕ್‌ಸ್ಕೇಪ್, ಲಿಬ್ರೆಕ್ಯಾಡ್ ಮೊದಲನೆಯದಕ್ಕೆ. ಶೀಟ್‌ಕ್ಯಾಮ್ ಎರಡನೆಯದಕ್ಕೆ. ಮ್ಯಾಕ್3, ಲಿನಕ್ಸ್‌ಸಿಎನ್‌ಸಿ ಮೂರನೆಯದಕ್ಕೆ. ಫ್ಯೂಷನ್ ಮೊದಲ ಎರಡನ್ನೂ ಮಾಡುತ್ತದೆ. ಆದರೆ ಅದರ ಪುಕ್ಕಟೆ ಪರ್ಸನಲ್ ಲೈಸೆನ್ಸ್ ವ್ಯಾಪಾರಕ್ಕಲ್ಲ, ದುಡ್ಡು ಕೊಟ್ಟರೆ ಚಂದಾ ಕಟ್ಟುತ್ತಲೇ ಇರಬೇಕು. ಶೀಟ್‌ಕ್ಯಾಮ್ ಒಮ್ಮೆ ಕೊಂಡರಾಯ್ತು. ನನ್ನ ಓಟು ಅದಕ್ಕೇ. ಸಣ್ಣ ಶೆಡ್ಡಿಗೆ ಇನ್ನೇನು ಬೇಕು?

ಈ ಮೂರಕ್ಕೆ 'ಬರೆಯೋದು, ದಾರಿ ಹಾಕೋದು, ಓಡಿಸೋದು' ಅಂತ ಬರೆದಿದ್ದೇನೆ. ವಿನ್ಯಾಸ, ಪಥನಿರ್ಮಾಣ, ನಿಯಂತ್ರಣ ಅಂದರೆ ಹುಡುಗರು ಆ ಕಾಗದದ ಕಡೆ ತಿರುಗಿಯೂ ನೋಡಲಿಕ್ಕಿಲ್ಲ. ಇನ್ನು 'ಪೋಸ್ಟ್ ಪ್ರೊಸೆಸರ್'. ಹಾಕಿದ ದಾರಿಯನ್ನು ನಮ್ಮ ಮಷೀನು ಓಡಿಸುವ ಕಂಟ್ರೋಲರ್‌ಗೆ ತಿಳಿಯುವ ಜಿ-ಕೋಡ್ (ಮಷೀನಿಗೆ ಕೊಡುವ ಆಜ್ಞೆಗಳ ಸಾಲು) ಮಾಡಿಕೊಡುವುದು ಇದೇ. ಒಂದು ಕಂಟ್ರೋಲರ್‌ನ ಮಾತು ಇನ್ನೊಂದಕ್ಕೆ ಪೂರ್ತಿ ತಿಳಿಯಲ್ಲ. ಹಾಗಾಗಿ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಮೊದಲು ಕೇಳಬೇಕಾದದ್ದು 'ನಮ್ಮ ಕಂಟ್ರೋಲರ್‌ಗೆ ಪೋಸ್ಟ್ ಇದೆಯಾ' ಅಂತ. ಇದಕ್ಕೆ 'ದುಭಾಷಿ' ಅಂತ ಬರೆದೆ. ಸರಿ ಕಾಣುತ್ತಾ, ಅತಿ ಆಯ್ತಾ?

ನಿಜವಾಗಿ ತಲೆ ತಿನ್ನುತ್ತಿರುವುದು 'ಕರ್ಫ್'. ಟಾರ್ಚ್ ಹೋದ ಕಡೆ ಲೋಹ ಕರಗಿ ಹಾರಿಹೋಗುತ್ತದಲ್ಲ, ಆ ಸಂದಿನ ಅಗಲ. ಕರೆಂಟು, ನಾಝಲ್ (ಟಾರ್ಚಿನ ಮೂತಿ), ಪ್ಲೇಟಿನ ದಪ್ಪ ನೋಡಿಕೊಂಡು ಅದು ಬದಲಾಗುತ್ತದೆ. 1.5 ಮಿ.ಮೀ. ಅಂತ ಹಿಡಿಯಿರಿ. ಟಾರ್ಚನ್ನು ಗೆರೆಯ ಮೇಲೇ ಓಡಿಸಿದರೆ 20 ಮಿ.ಮೀ. ತೂತು 21.5 ಆಗುತ್ತದೆ, ಬೋಲ್ಟು ಲೊಡಲೊಡ. ಅದಕ್ಕೇ ತೂತಿಗೆ ಗೆರೆಯ ಒಳಗೆ 0.75, ತುಂಡಿನ ಹೊರ ಅಂಚಿಗೆ ಗೆರೆಯ ಹೊರಗೆ 0.75 ಸರಿಸಿ ಓಡಿಸಬೇಕು. ಇದಕ್ಕೆ 'ಸೀಳು' ಅಂದರೆ ಬಿರುಕು ಅನ್ನಿಸುತ್ತದೆ. 'ಕಚ್ಚು' ಅಂದರೆ ಅರ್ಧಕ್ಕೆ ನಿಂತ ಗುರುತು. 'ಸವಕಳಿ'ಯಲ್ಲಿ ಲೋಹ ಹೋಯಿತು ಅನ್ನುವ ಭಾವ ಇದೆ, ಆದರೆ ಅದು ತಿಕ್ಕಿ ತಿಕ್ಕಿ ಹೋದದ್ದು. ಮರ ಕೊಯ್ಯುವವರಲ್ಲಿ ಗರಗಸ ತಿನ್ನುವ ಆ ಅಗಲಕ್ಕೆ ಒಂದು ಮಾತು ಇರಲೇಬೇಕು ಅಲ್ವಾ? ಬಡಗಿ ಮನೆತನದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

'ಲೀಡ್-ಇನ್'ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಹುಡುಗರೇ ಕೊಟ್ಟರು. ಪ್ಲೇಟನ್ನು ಮೊದಲು ಚುಚ್ಚುವ ಜಾಗದಲ್ಲಿ ತೂತು ಒರಟಾಗಿ, ದೊಡ್ಡದಾಗಿ ಆಗುತ್ತದೆ. ಹಾಗಾಗಿ ಗುಜರಿಗೆ ಹೋಗುವ ಕಡೆ ಚುಚ್ಚಿ, ಅಲ್ಲಿಂದ ಮೆಲ್ಲಗೆ ಗೆರೆಗೆ ಬರಬೇಕು. ಪರದೆಯ ಮೇಲೆ ಅದು ಬಾಲದ ಹಾಗೆ ಕಾಣುತ್ತದೆ. ಪಕ್ಕದ ಶೆಡ್ಡಿನ ಮರಾಠಿ ಹುಡುಗರು 'ಶೇಪಟಿ' ಅಂತಾರೆ, ನಮ್ಮವರು 'ಬಾಲ ಬಿಡ್ರಿ' ಅಂತಾರೆ. ಹಾಗೇ ಬರೆದೆ. 'ಡ್ರಾಸ್' ಅಂದರೆ ಕರಗಿದ ಲೋಹ ಕತ್ತರಿಸಿದ ಅಂಚಿಗೆ ಗಟ್ಟಿಯಾಗಿ ಅಂಟಿಕೊಂಡದ್ದು. ಅದಕ್ಕೂ ಹಳೇ ಪದ ಇದೆ, ಕಿಟ್ಟ. ನಿಧಾನ ಓಡಿಸಿದರೆ ಅಡಿಯಲ್ಲಿ ದಪ್ಪ ಕಿಟ್ಟ ಕೂರುತ್ತದೆ, ತಟ್ಟಿದರೆ ಉದುರುತ್ತದೆ. ಜೋರಾಗಿ ಓಡಿಸಿದರೆ ಸಣ್ಣ ಗೆರೆಯಂಥ ಗಟ್ಟಿ ಕಿಟ್ಟ, ಗ್ರೈಂಡರ್ ಹಿಡಿಯದೆ ಬಿಡದು. 'ನೆಸ್ಟಿಂಗ್' ಅಂದರೆ ಒಂದೇ ಶೀಟಿನಲ್ಲಿ ಜಾಸ್ತಿ ತುಂಡು ಕೂರುವಂತೆ ಹೊಂದಿಸುವುದು. 'ಹೊಂದಿಸೋದು' ಸಾಕು ಅನ್ನಿಸಿತು.

ಇನ್ನೊಂದು ಸಂಗತಿ ಕನ್ನಡದವರಿಗೇ ಸೇರಿದ್ದು. ಇಲ್ಲಿ ಮರಾಠಿ ಹೆಸರಿನ ಬೋರ್ಡು ಕತ್ತರಿಸುವುದು ಸುಲಭ. ನಾಗರಿ ಅಕ್ಷರಗಳನ್ನು ತಲೆಗೆರೆ ಹಿಡಿದುಕೊಳ್ಳುತ್ತದೆ, ಒಂದೊಂದು ಪದ ಬಹುಮಟ್ಟಿಗೆ ಒಂದೇ ತುಂಡಾಗಿ ಬರುತ್ತದೆ. ಕನ್ನಡದ ತಲೆಕಟ್ಟು ಒಂದೊಂದು ಅಕ್ಷರಕ್ಕೂ ಬೇರೆ. ಕತ್ತರಿಸಿದರೆ ಅಕ್ಷರಗಳು ಚೆಲ್ಲಾಪಿಲ್ಲಿ. ಒತ್ತಕ್ಷರ ಕೆಳಗೆ ಬಿಡಿಯಾಗಿ ನೇತಾಡುತ್ತಿದ್ದರೆ ಅದೂ ಬೇರೆಯೇ ಬೀಳುತ್ತದೆ. ಹಾಗಾಗಿ ಅಡಿಯಲ್ಲಿ ಒಂದು ಪಟ್ಟಿ ಕೊಟ್ಟು ಎಲ್ಲವನ್ನೂ ಅದಕ್ಕೆ ಸೇರಿಸಬೇಕು. ಉಲ್ಟಾ, ಪ್ಲೇಟಿನಲ್ಲೇ ಅಕ್ಷರವನ್ನು ತೂತಾಗಿ ಕೊರೆದರೆ 'ರ'ದ ಹೊಟ್ಟೆ ಉದುರುತ್ತದೆ. 'ಠ' ಬಂತೋ, ಹೊಟ್ಟೆಯೂ ಅದರೊಳಗಿನ ಚುಕ್ಕಿಯೂ ಹೋಗಿ ಬರೀ ಬೋಗುಣಿ ಉಳಿಯುತ್ತದೆ. ಹೊಟ್ಟೆ ಬೀಳದ ಹಾಗೆ ಬಿಡುವ ಆ ಸಣ್ಣ ಕೊಂಡಿಗೆ ಇಂಗ್ಲಿಷಿನವರು ಬ್ರಿಜ್ ಅಂತಾರೆ. ನಾನು 'ಸೇತುವೆ' ಬಿಟ್ಟು 'ಕೊಂಡಿ' ಅಂತಲೇ ಬರೆದೆ.

ಕನ್ನಡ ಬರೆಯೋಕೆ ಇಂಕ್‌ಸ್ಕೇಪ್ ವಾಸಿ. ಒತ್ತುಗಳನ್ನು ಸರಿಯಾಗಿ ಕೂರಿಸುತ್ತದೆ. ಕೆಲವು ಕ್ಯಾಡ್ ಪ್ರೋಗ್ರಾಮುಗಳಲ್ಲಿ 'ಶ್ರೀ' ಟೈಪ್ ಮಾಡಿದರೆ ಶ, ರ ಬಿಡಿ ಬಿಡಿ ನಿಲ್ಲುತ್ತವೆ. ಬರೆದ ಮೇಲೆ ಅಕ್ಷರವನ್ನು ಪಾತ್ (ಬರೀ ಅಂಚಿನ ಗೆರೆ) ಮಾಡಬೇಕು, ಒಂದರ ಮೇಲೊಂದು ಬಿದ್ದ ಭಾಗಗಳನ್ನು ಯೂನಿಯನ್ ಮಾಡಿ ಒಂದೇ ಆಕಾರಕ್ಕೆ ತರಬೇಕು. ಮರೆತರೆ ಟಾರ್ಚ್ ಅಕ್ಷರದ ನಡುವೆಯೇ ಹಾದು ಹೋಗುತ್ತದೆ. ಹಳೇ ಫೈಲು ತೆರೆಯುವಾಗ ಅಳತೆಯನ್ನೂ ನೋಡಿ. ಇಂಕ್‌ಸ್ಕೇಪಿನ 2017ರ 0.92 ಆವೃತ್ತಿಯಿಂದ ಇಂಚಿಗೆ 90 ಇದ್ದ ಪಿಕ್ಸೆಲ್ ಲೆಕ್ಕ 96 ಆಯಿತು. ಸರಿಪಡಿಸದೆ ತಂದರೆ 100 ಮಿ.ಮೀ. ಇದ್ದದ್ದು 93.75 ಆಗಿ ಕೂತಿರುತ್ತದೆ.

'ಪಾತ್', 'ಯೂನಿಯನ್', 'ಆಫ್‌ಸೆಟ್' (ಮೇಲೆ ಹೇಳಿದ ಹಾಗೆ ಗೆರೆಯಿಂದ ಒಳಗೋ ಹೊರಗೋ ಸರಿಸುವುದು) ಇವನ್ನು ಇಂಗ್ಲಿಷಿನಲ್ಲೇ ಉಳಿಸಿದ್ದೇನೆ. ಪರದೆಯಲ್ಲಿ ಕಾಣುವುದು ಆ ಹೆಸರೇ, ಬದಲಿಸಿದರೆ ಹುಡುಗರು ಬಟನ್ ಹುಡುಕಿ ಸಾಯುತ್ತಾರೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುವಿಗೆ ಮಾತ್ರ ಕನ್ನಡ. ಇದನ್ನು ಒಪ್ಪದವರು ಇರಬಹುದು, ಬೈಯುವುದಿದ್ದರೆ ಬೈಯಿರಿ. ಆದರೆ ಕರ್ಫ್‌ಗೆ ಒಂದು ಪದ ಕೊಟ್ಟು ಬೈಯಿರಿ. ಕರಾವಳಿ, ಮಲೆನಾಡಿನ ಮರದ ಕೆಲಸದವರು, ಇಲ್ಲಾ ಸಾಮಿಲ್ಲಿನವರು ಏನಂತಾರೆ ಅಂತ ತಿಳಿದರೆ ಊರಿನ ಹೆಸರನ್ನೂ ಸೇರಿಸಿ ಬರೆಯಿರಿ.