ಪ್ಲಗಿನ್‌ನ ಹಳೇ ವರ್ಶನ್ ಕೇಳಿದವರಿಗೆ ಕೊಡಬಹುದಾ?

ಪ್ರಶ್ನೆ (ಉಡುಪಿ): ನಮಸ್ಕಾರ ಸರ್. ಯಕ್ಷಗಾನ ಮೇಳಗಳ ಸೈಟಿನಲ್ಲಿ "ಇವತ್ತು ಎಲ್ಲಿ ಆಟ" ಅಂತ ತೋರಿಸುವ ವರ್ಡ್‌ಪ್ರೆಸ್ ಪ್ಲಗಿನ್ (ಸೈಟಿಗೆ ಹೊಸ ಸೌಲಭ್ಯ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ನನ್ನದು. ವರ್ಡ್‌ಪ್ರೆಸ್ ಡೈರೆಕ್ಟರಿಯಲ್ಲೇ ಉಂಟು. ಹೊಸ 2.0ಕ್ಕೆ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) 8 ಬೇಕು. ಹೋಸ್ಟಿಂಗ್ ಇನ್ನೂ 7.4ರಲ್ಲಿ ಇರುವವರು ಅಪ್‌ಡೇಟ್ ಒತ್ತಿದ್ದೇ ತಡ, ಸೈಟ್ ಬಿತ್ತು. "ಹಳೆಯದೇ ಕೊಡಿ ಮಾರಾಯ್ರೆ" ಅಂತ ಫೋನ್ ಮೇಲೆ ಫೋನ್. ವಾಟ್ಸ್‌ಆ್ಯಪ್‌ನಲ್ಲಿ 1.8ರ ಜಿಪ್ ಕಳಿಸ್ತಾ ಇದ್ದೇನೆ. ಇದು ಸರಿಯಾ?

ಉತ್ತರ (ಮಂಗಳೂರು): ಹಳೆಯದು ಕೊಡಿ, ವಾಟ್ಸ್‌ಆ್ಯಪ್ ಬೇಡ. ಡೈರೆಕ್ಟರಿಯಲ್ಲಿ ನಿಮ್ಮ ಪ್ಲಗಿನ್ ಪುಟದ "ಅಡ್ವಾನ್ಸ್‌ಡ್ ವ್ಯೂ" ತೆರೆದು ಕೆಳಗೆ ಹೋಗಿ. ಟ್ಯಾಗ್ಸ್ ಫೋಲ್ಡರ್‌ನಲ್ಲಿ ನೀವು ಇಟ್ಟ ಹಳೇ ವರ್ಶನ್‌ಗಳೆಲ್ಲ ಅಲ್ಲೇ ಸಿಗುತ್ತವೆ. ಆ ಲಿಂಕ್ ಕೊಟ್ಟರೆ ಸಾಕು.

ಅದಕ್ಕಿಂತ ಮೊದಲ ಕೆಲಸ ಬೇರೆ ಇದೆ. 2.0ರ ಹೆಡರ್‌ನಲ್ಲಿ (ಮುಖ್ಯ ಫೈಲಿನ ಮೇಲ್ಗಡೆ ಬರೆಯುವ ವಿವರದಲ್ಲಿ) "ರಿಕ್ವೈರ್ಸ್ ಪಿಎಚ್‌ಪಿ: 8.0" ಅಂತ ಉಂಟಾ? ಆ ಒಂದು ಸಾಲು ಇದ್ದರೆ 7.4ರವರಿಗೆ ಅಪ್‌ಡೇಟ್ ಒತ್ತಲು ವರ್ಡ್‌ಪ್ರೆಸ್ಸೇ ಬಿಡುವುದಿಲ್ಲ. ಇಲ್ಲದಿದ್ದರೆ ಇವತ್ತು ಹಳೆಯದು ಹಾಕಿಕೊಂಡವರು ನಾಳೆ ಮತ್ತೆ ಅದೇ ಬಟನ್ ಒತ್ತುತ್ತಾರೆ.

ಡೇಟಾಬೇಸ್‌ನಲ್ಲಿ ಏನು ಬದಲಾಯಿಸಿದ್ದೀರಿ ಅಂತಲೂ ನೋಡಿ. ಹೊಸ ಕಾಲಂ ಸೇರಿಸಿದ್ದಷ್ಟೇ ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಹಳೇ ಕೋಡ್ ಅದರ ಗೊಡವೆಗೇ ಹೋಗುವುದಿಲ್ಲ. ತಾರೀಕು ಇಡುವ ರೀತಿಯೇ ಬದಲಾಗಿದ್ದರೆ ಕಷ್ಟ. 1.8 ಅದನ್ನು ತಪ್ಪಾಗಿ ಓದುತ್ತದೆ. ನಾಳೆ ಕುಂದಾಪುರದಲ್ಲಿ ಆಗಬೇಕಾದ ಆಟ ಹೋದ ತಿಂಗಳೇ ಮುಗಿದಿದೆ ಅಂತ ತೋರಿಸಿದರೆ ಬೈಗುಳ ನಿಮಗೇ!

ಪ್ರಶ್ನೆ (ಮೇಳವೊಂದರ ಸೈಟ್ ನೋಡಿಕೊಳ್ಳುವವರು): 2.0 ಡಿಲೀಟ್ ಮಾಡಿ 1.8 ಹಾಕಿದರೆ ಆಯ್ತಲ್ವಾ?

ಉತ್ತರ: ಡಿಲೀಟ್ ಒತ್ತಲೇಬೇಡಿ. ಪ್ಲಗಿನ್‌ಗೆ ಅನ್‌ಇನ್‌ಸ್ಟಾಲ್ ಫೈಲ್ ಇದ್ದರೆ ಆಗ ಅದು ಓಡುತ್ತದೆ, ಇಡೀ ಸೀಸನ್‌ನ ಪಟ್ಟಿಯೇ ಅಳಿಸಿ ಹೋಗಬಹುದು. ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಆಮೇಲೆ ಹಳೇ ಜಿಪ್ ಅಪ್‌ಲೋಡ್ ಮಾಡಿ. 2020ರಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದ ಈಚೆಗೆ, ಈಗಿರುವುದರ ಜಾಗದಲ್ಲಿ ಇದನ್ನು ಹಾಕಲಾ ಅಂತ ಅದೇ ಕೇಳುತ್ತದೆ. ಜಿಪ್ ಒಳಗಿನ ಫೋಲ್ಡರ್ ಹೆಸರು ಮಾತ್ರ ಮೊದಲಿನದ್ದೇ ಇರಬೇಕು. ಗಿಟ್‌ಹಬ್‌ನಿಂದ ಇಳಿಸಿದರೆ ಹೆಸರಿನ ಕೊನೆಗೆ "-1.8" ಅಂಟಿಕೊಂಡಿರುತ್ತದೆ. ಆಗ ವರ್ಡ್‌ಪ್ರೆಸ್ ಅದನ್ನು ಬೇರೆಯೇ ಪ್ಲಗಿನ್ ಅಂದುಕೊಳ್ಳುತ್ತದೆ. ಎರಡೂ ಒಟ್ಟಿಗೆ ಆನ್ ಆದರೆ ಸೈಟ್ ಮತ್ತೆ ಮಲಗಬಹುದು.

ಪ್ರಶ್ನೆ (ಉಡುಪಿ): ಹೆಡರ್ ಸಾಲು ಸೇರಿಸಿ 2.0.1 ಬಿಡುತ್ತೇನೆ ಸರ್. ಹಳೆಯದನ್ನು ಎಲ್ಲಿವರೆಗೆ ನೋಡಿಕೊಳ್ಳಲಿ?

ಉತ್ತರ: ಎಲ್ಲಾ ಹಳೇ ವರ್ಶನ್ ಬೇಡ, 1.8 ಒಂದೇ ಸಾಕು. ಅದಕ್ಕೂ ಭದ್ರತೆಯ ತೂತು ಮುಚ್ಚುವುದು ಮಾತ್ರ, ಹೊಸ ಫೀಚರ್ ಕೇಳಿದರೆ ಇಲ್ಲ ಅನ್ನಿ. ಪಿಎಚ್‌ಪಿ 7.4ಕ್ಕೆ ಅದನ್ನು ಮಾಡುವವರೇ 2022ರ ನವೆಂಬರ್‌ನಲ್ಲಿ ಕೈಬಿಟ್ಟಿದ್ದಾರೆ, ನೀವು ಯಾಕೆ ಸುಮ್ನೆ ಹೊತ್ತುಕೊಳ್ಳುತ್ತೀರಿ? ನಾನಾದರೆ ಪತ್ತನಾಜೆವರೆಗೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಅಂತ ಪ್ಲಗಿನ್ ಜೊತೆಗಿನ ರೀಡ್‌ಮಿ ಫೈಲಿನಲ್ಲೇ ಬರೆದುಬಿಡುತ್ತೇನೆ. ಆಮೇಲೆ ಮೇಳಗಳ ತಿರುಗಾಟವೂ ಇಲ್ಲ, ಹೋಸ್ಟಿಂಗ್‌ನವರಿಗೆ ಹೇಳಿ ಪಿಎಚ್‌ಪಿ ಬದಲಿಸಿಕೊಳ್ಳಲು ಎಲ್ಲರಿಗೂ ಪುರುಸೊತ್ತು ಇರುತ್ತದೆ.