ಗಮಕ ರೆಕಾರ್ಡಿಂಗ್‌ಗೆ ಮೈಕ್ ಸೆಟ್ಟಿಂಗ್: ತಂಬೂರಿ ಸೌಂಡೇ ಮಾಯ ಆಗ್ತಿದೆ, ಹೆಲ್ಪ್ ಮಾಡಿ

ಕಾಫಿಪುಡಿ:
ನಮ್ಮತ್ತೆ ಗಮಕ ವಾಚನ ಮಾಡ್ತಾರೆ, ಗಂಟಲು ಗಟ್ಟಿ ಇರೋವಾಗ್ಲೇ ಮನೇಲಿ ರೆಕಾರ್ಡ್ ಮಾಡಿಡೋಣ ಅಂತ ಯುಎಸ್‌ಬಿ ಕಂಡೆನ್ಸರ್ ಮೈಕ್ ತಗೊಂಡ್ವಿ. ವಿಂಡೋಸ್ 11, ರೆಕಾರ್ಡ್ ಮಾಡೋಕೆ ಅಡಾಸಿಟಿ ಸಾಫ್ಟ್‌ವೇರ್. ಪಕ್ಕದಲ್ಲಿ ಮೊಬೈಲ್‌ನಲ್ಲಿ ತಂಬೂರಿ ಆಪ್ ಓಡ್ತಿರುತ್ತೆ. ರೆಕಾರ್ಡಿಂಗ್ ಕೇಳಿದ್ರೆ ಶುರುವಲ್ಲಿ ಸ್ವಲ್ಪ ಹೊತ್ತು ತಂಬೂರಿ ಇರುತ್ತೆ ಆಮೇಲೆ ಕರಗಿ ಹೋಗುತ್ತೆ, ಅತ್ತೆ ಹಾಡೋಕೆ ಶುರು ಮಾಡಿದ್ರೆ ಹಿಂದೆ ನೀರೊಳಗಿಂದ ಬಂದಂಗೆ ಗುಳುಗುಳು, ರಾಗ ಎಳೆದು ಬಿಡೋ ಕಡೆ ಬಾಲ ಕಟ್, ಜೋರು ದನಿ ತೆಗೆದ್ರೆ ಒಡೆದಂಗೆ. ಎದುರಿಗೆ ಕೂತು ಕೇಳಿದಂಗೆ ಬಂದ್ರೆ ಸಾಕು ನಂಗೆ. ಮೈಕ್ ಬದಲಾಯಿಸ್ಬೇಕಾ?

ತಂತಿ_ತಕರಾರು:
ದುಡ್ಡು ದಂಡ ಮಾಡ್ಬೇಡಿ, ಮೈಕ್ ಸರಿ ಇದೆ. ಇದು ನಾಯ್ಸ್ ಸಪ್ರೆಷನ್, ಅಂದ್ರೆ ಹಿನ್ನೆಲೆ ಗದ್ದಲ ತಾನಾಗೇ ಅಳಿಸೋ ಸೆಟ್ಟಿಂಗ್, ಅದ್ರ ಕೆಲ್ಸ. ಏರಿಳಿತ ಇಲ್ದೆ ಒಂದೇ ಸಮ ಬರೋದೆಲ್ಲ ಅದ್ರ ಲೆಕ್ಕದಲ್ಲಿ ಗದ್ದಲ, ಫ್ಯಾನೂ ಒಂದೇ ತಂಬೂರಿನೂ ಒಂದೇ. ಎಳೆದ ಸ್ವರ ಕಟ್ ಆಗೋದೂ ಅದಕ್ಕೇ. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ, ಇನ್‌ಪುಟ್ ಕೆಳಗೆ ನಿಮ್ಮ ಮೈಕ್ ಹೆಸರು ಒತ್ತಿ, ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಲ್ಯಾಪ್‌ಟಾಪ್ ಜೊತೆ ಬಂದಿರೋ ಆಡಿಯೋ ಆಪ್ ಇದ್ರೆ ಅದ್ರೊಳಗೂ ಒಂದು ಎಐ ನಾಯ್ಸ್ ಏನೋ ಇರುತ್ತೆ, ಜನ ಮರೆಯೋದು ಅದನ್ನೇ. ಇವೆಲ್ಲ ಮೀಟಿಂಗ್‌ನಲ್ಲಿ ಮಾತಾಡೋರಿಗೆ ಮಾಡಿದ್ದು, ಸಂಗೀತಕ್ಕಲ್ಲ.

ಡೆಸಿಬಲ್_ದಾಸ:
ಒಡೆಯೋದಕ್ಕೆ ಕಾರಣ ಗೇನ್, ಅಂದ್ರೆ ಮೈಕ್ ದನಿನ ಏರಿಸೋ ಮಟ್ಟ, ಜಾಸ್ತಿ. ಎಲ್ರೂ "ಹಲೋ ಹಲೋ ಟೆಸ್ಟಿಂಗ್" ಅಂತ ಮೆಲ್ಲಗೆ ಹೇಳಿ ಲೆವೆಲ್ ಇಡ್ತಾರೆ, ತಪ್ಪು. ಅತ್ತೆಯವರ ಕೈಲಿ ಇರೋದ್ರಲ್ಲೇ ಜೋರಾದ ಪದ್ಯ, ಯುದ್ಧದ್ದೋ ಏನೋ, ಪೂರ್ತಿ ದನಿಲಿ ಹಾಡಿಸಿ, ಅಡಾಸಿಟಿ ಮೀಟರ್ -12 ಡಿಬಿ ಹತ್ರ ಬರೋ ಹಂಗೆ ಇಡಿ, ಅಪ್ಪಿತಪ್ಪಿ -6 ಮುಟ್ಟಿದ್ರೂ ಪರವಾಗಿಲ್ಲ, 0 ಮುಟ್ಟಿದ್ರೆ ಆ ಸಾಲು ಹೋಯ್ತು ಅಂತಲೇ, ಮತ್ತೆ ಹಾಡಿಸ್ಬೇಕು. ಮೈಕ್ 24 ಬಿಟ್ ಕೊಡುತ್ತೆ ಅಂದ್ರೆ 48 ಕಿಲೋಹರ್ಟ್ಸ್, 24 ಬಿಟ್ ಇಡಿ, ಆಗ ಮೆಲ್ಲಗೆ ಬಂದ್ರೂ ಆಮೇಲೆ ಧಾರಾಳವಾಗಿ ಏರಿಸ್ಕೋಬಹುದು. ಸೇವ್ ಮಾಡೋದು ವೇವ್ ಫೈಲ್‌ನಲ್ಲಿ, ಎಂಪಿ3 ಅಲ್ಲ. ತಂಬೂರಿನ ಅತ್ತೆಯವರ ಇಯರ್‌ಫೋನ್‌ಗೆ ಕೊಟ್ಟು ಆಮೇಲೆ ಬೇರೆ ಟ್ರ್ಯಾಕ್ ಆಗಿ ಸೇರ್ಸಿದ್ರೆ ಇನ್ನೂ ಕ್ಲೀನ್.

ತಂತಿ_ತಕರಾರು:
ಇಯರ್‌ಫೋನ್ ಮಾತ್ರ ಬೇಡ ದಾಸರೇ. ಜನ್ಮವಿಡೀ ಎದುರಿಗೆ ಶ್ರುತಿ ಇಟ್ಕೊಂಡು ಹಾಡಿದೋರ ಕಿವಿ ಮುಚ್ಚಿದ್ರೆ ದನಿನೇ ಬೇರೆ ಆಗಿಬಿಡುತ್ತೆ. ಮೈಕ್ ಕಾರ್ಡಿಯಾಯ್ಡ್‌ನಲ್ಲಿಡಿ, ಅದು ಹಿಂದಿಂದ ಬರೋದನ್ನ ಕಮ್ಮಿ ಹಿಡಿಯುತ್ತೆ, ಮೊಬೈಲ್ ಪಕ್ಕದಿಂದ ಮೈಕ್ ಹಿಂದಕ್ಕೆ ಸರಿಸಿ ಸಾಕು. ಮೈಕು ಬಾಯಿಂದ ಒಂದಡಿ ಒಂದೂವರೆ ಅಡಿ ದೂರ, ಸ್ವಲ್ಪ ಓರೆ. ತೀರಾ ಹತ್ರ ತಂದ್ರೆ ದನಿ ರೇಡಿಯೋದವ್ರ ಥರ ದಪ್ಪ ಆಗುತ್ತೆ, ಭ, ಫ, ಧ ಬಂದಾಗೆಲ್ಲ ಉಸಿರು ಬಡಿಯುತ್ತೆ, ಹಳೆಗನ್ನಡದಲ್ಲಿ ಮಹಾಪ್ರಾಣಕ್ಕೇನು ಬರಾನಾ. ಹಾಲ್ ಬೇಡ, ಬೀರು ಹಾಸಿಗೆ ತುಂಬಿರೋ ರೂಮೇ ವಾಸಿ.

ಕಾಫಿಪುಡಿ:
ಎನ್‌ಹಾನ್ಸ್‌ಮೆಂಟ್ ಆಫ್ ಮಾಡಿದ ತಕ್ಷಣ ತಂಬೂರಿ ವಾಪಸ್!! ಥ್ಯಾಂಕ್ಸ್. ಆದ್ರೆ ಈಗ ಫ್ರಿಜ್ ಗುಂಯ್ ಅನ್ನೋದೂ ಕೇಳ್ಸುತ್ತೆ, ಅದೂ ಶ್ರುತಿಗೆ ಸೇರ್ದೆ.

ಡೆಸಿಬಲ್_ದಾಸ:
ರೆಕಾರ್ಡಿಂಗ್ ಮುಗಿಯೋವರ್ಗೂ ಫ್ರಿಜ್ ಆಫ್ ಮಾಡಿ, ಗಾಡಿ ಕೀ ಅದ್ರೊಳಗಿಡಿ. ಹೊರಗೆ ಹೊರಟಾಗ ಆನ್ ಮಾಡೋದು ತಾನಾಗೇ ನೆನಪಾಗುತ್ತೆ.